ಹೊತ್ತಿಗೆ ಮುನ್ನ ಬಂದ ಬಿಸಿಲು ಮತ್ತು ಕುಟುಂಬದ ಪ್ರವಾಸ

ವಿಜಯಪುರ ಜಿಲ್ಲೆಯವರಾದ ನಮಗೆ ಬಿಸಿಲು ಹೊಸದಲ್ಲ. ಅದನ್ನು ಲಘುವಾಗಿ ಕಾಣುವುದಕ್ಕೂ ಅದೇ ಕಾರಣ. ಆದರೆ ವೈಶಾಖದ ಬಿಸಿಲನ್ನು ತಾಳುವ ದೇಹವೇ ಶಿವರಾತ್ರಿಯ ಆಸುಪಾಸಿನಲ್ಲಿ ಹಠಾತ್ತನೆ ಏರುವ ತಾಪಕ್ಕೆ ಸೋಲುವುದುಂಟು. ಬೇಗ ಬೆವರಿ ತಂಪಾಗುವುದನ್ನೂ, ಬೆವರಿನಲ್ಲಿ ಉಪ್ಪು ಕಳೆಯದಂತೆ ಉಳಿಸಿಕೊಳ್ಳುವುದನ್ನೂ ರೂಢಿಸಿಕೊಳ್ಳಲು ಶರೀರಕ್ಕೆ ಒಂದೆರಡು ವಾರ ಬೇಕು. 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ತಾಪಮಾನವು 1901ರಿಂದೀಚೆಗೆ ಆ ತಿಂಗಳಲ್ಲಿ ದಾಖಲಾದುದರಲ್ಲೇ ಅತ್ಯಧಿಕವಾಗಿತ್ತು. ಅಂತಹ ವರ್ಷ ಮತ್ತೆ ಬಾರದೆಂದು ನಂಬಿ ಹೊರಡುವಂತಿಲ್ಲ.

ನಾಲತವಾಡದ ಭಕ್ತರು ಮಕ್ಕಳುಮರಿಗಳೊಡನೆ ಒಂದು ದಿನದ ಪ್ರವಾಸ ಹೊರಟರೆಂದರೆ ಆಲಮಟ್ಟಿಯ ಉದ್ಯಾನ, ಕೂಡಲಸಂಗಮದ ಐಕ್ಯಮಂಟಪ, ಕೊನೆಗೆ ಬಾದಾಮಿಯ ಮೇಣಬಸದಿ. ಬಾದಾಮಿ ಸೇರುವಷ್ಟರಲ್ಲಿ ನಡುಮಧ್ಯಾಹ್ನ. ಬೆಳಗಿನಿಂದ ಕಾದ ಕೆಂಪು ಮರಳುಗಲ್ಲು ಹೀರಿದ ತಾಪವನ್ನೆಲ್ಲ ಹೊರಸೂಸುತ್ತಿರುತ್ತದೆ. ಇಂತಹ ಒಂದು ಪ್ರವಾಸದಲ್ಲಿ ನಮ್ಮೊಡನಿದ್ದ ಹಿರಿಯ ತಾಯಿಯೊಬ್ಬರು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಮೀನಖಂಡ ಸೆಟೆದಿತ್ತು, ಕಣ್ಣು ಕತ್ತಲೆಗಟ್ಟಿತ್ತು. ರಕ್ತದೊತ್ತಡಕ್ಕೆಂದು ಅವರು ಸೇವಿಸುತ್ತಿದ್ದುದು ಮೂತ್ರ ಹೆಚ್ಚಿಸುವ ಮಾತ್ರೆ. ಅದು ಮೈಯ ನೀರನ್ನೂ ಉಪ್ಪನ್ನೂ ಇಳಿಸುತ್ತದೆ. ನೆರಳಿನಲ್ಲಿ ಮಲಗಿಸಿ, ಕಾಲುಗಳನ್ನು ಎತ್ತರಿಸಿ, ಒದ್ದೆ ವಸ್ತ್ರ ಹೊದಿಸಿ, ಉಪ್ಪು ಬೆರೆಸಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದ ಮೇಲೆ ಚೇತರಿಸಿಕೊಂಡರು. ಇಂತಹ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು; ಪ್ರವಾಸಕ್ಕೆ ಮುನ್ನ ವೈದ್ಯರನ್ನು ಕೇಳಬೇಕು.

ಅವರು ಎಚ್ಚರದಲ್ಲಿದ್ದುದರಿಂದ ಮಜ್ಜಿಗೆ ಕುಡಿಸಲು ಸಾಧ್ಯವಾಯಿತು. ಮೈ ಕೆಂಡದಂತೆ ಕಾದು, ಮಾತು ತೊದಲಿ, ಮನೆಯವರ ಗುರುತೇ ತಪ್ಪಿದರೆ ಅದು ಬಿಸಿಲಾಘಾತ. ದೇಹದ ತಾಪ ಆಗ 40 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ತಕ್ಷಣ 108ಕ್ಕೆ ಕರೆಮಾಡಿ, ವಾಹನ ಬರುವವರೆಗೆ ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಕೂಡದು. ಜ್ವರದ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು. ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕುತ್ತ ಕೂಡುವುದು ಅಮೂಲ್ಯ ಸಮಯವನ್ನು ಕಳೆದಂತೆಯೇ.

ಮಕ್ಕಳ ವಿಷಯದಲ್ಲಿ ಒಂದು ಮಾತು. ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ತಾಪ ಸುಮಾರು 10 ಡಿಗ್ರಿ ಏರುತ್ತದೆ. ನಿದ್ರಿಸುತ್ತಿರುವ ಕೂಸನ್ನು ಕ್ಷಣಮಾತ್ರಕ್ಕೂ ಅಲ್ಲಿ ಬಿಡಬಾರದು.

ಬುತ್ತಿಯ ರೊಟ್ಟಿಯೊಡನೆ ಓಆರ್‌ಎಸ್ ಪೊಟ್ಟಣಗಳಿರಲಿ. ಇಲ್ಲವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆ ಚಹಾ ಚಮಚದ್ದು. ಉಪವಾಸವಿರುವವರು ಅಂದು ಪ್ರವಾಸವನ್ನೇ ಮುಂದೂಡುವುದು ಲೇಸು.

ದಾರಿಯನ್ನು ಹಿಂದುಮುಂದಾಗಿಸಿದರೂ ಸಾಕು, ಬಹಳಷ್ಟು ಬಿಸಿಲು ತಪ್ಪುತ್ತದೆ. ನಸುಕಿನಲ್ಲೇ ಹೊರಟು ಮೊದಲು ಬಾದಾಮಿಯನ್ನು ನೋಡಿ ಇಳಿಯಬೇಕು. ನಡುಹಗಲಿಗೆ ಕೂಡಲಸಂಗಮದಲ್ಲಿ ಪ್ರಸಾದ, ವಿಶ್ರಾಂತಿ. ಹೊತ್ತಿಳಿದ ಮೇಲೆ ಆಲಮಟ್ಟಿ. ಅಲ್ಲಿಂದ ನಾಲತವಾಡಕ್ಕೆ ರಾತ್ರಿಯೂಟಕ್ಕೆ ತಲುಪಬಹುದು.