ಕೋತಗಿರಿಯ ಅಂಗಡಿಬೀದಿ

ಒಂದು ಊರನ್ನು ಅರಿಯಬೇಕಾದರೆ ಅಲ್ಲಿಯ ಬೆಟ್ಟ, ತೊರೆಗಳನ್ನು ನೋಡಿ ಬಂದರೆ ಸಾಲದು. ಅಂಗಡಿಬೀದಿಯಲ್ಲಿಯೂ ಕೆಲವು ಗಳಿಗೆ ನಡೆಯಬೇಕು. ಆ ನೆಲ ಏನನ್ನು ಬೆಳೆಯುತ್ತದೆ, ಜನರು ಯಾವ ಕೆಲಸದಿಂದ ಬಾಳುತ್ತಾರೆ, ಒಬ್ಬರಿಗೊಬ್ಬರು ಹೇಗೆ ಆಸರೆಯಾಗಿದ್ದಾರೆ ಎಂಬುದು ಅಲ್ಲಿ ತಿಳಿಯುತ್ತದೆ. ಇದಕ್ಕೆ ನೀಲಗಿರಿಯ ಕೋತಗಿರಿ ಒಳ್ಳೆಯ ನಿದರ್ಶನ.

ಉದಕಮಂಡಲದಿಂದ ಸುಮಾರು 30 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,800 ಮೀಟರು ಎತ್ತರದಲ್ಲಿ ಈ ಪಟ್ಟಣವಿದೆ. ಕಾಲ್ನಡಿಗೆಯ ಸಂಚಾರವನ್ನು ಬಯಸುವವರಿಗೆ ಇದು ತಕ್ಕ ಸ್ಥಳ. ಪಟ್ಟಣದ ಬಳಿಯಲ್ಲಿಯೇ 116 ಹೆಕ್ಟೇರು ವಿಸ್ತಾರದ ಲಾಂಗ್‌ವುಡ್ ಶೋಲ ಎಂಬ ಕಾಡಿದೆ. ಹಲವು ಹಳ್ಳಿಗಳಿಗೆ ನೀರನ್ನೊದಗಿಸುವ ಈ ಕಾಡು 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜಲಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಕೊಡನಾಡಿನ ಅಂಚಿನಲ್ಲಿ ನಿಂತರೆ ಕೆಳಗೆ ಮೋಯಾರಿನ ಆಳವಾದ ಕಣಿವೆ ಕಾಣುತ್ತದೆ. 1819ರಲ್ಲಿ ನೀಲಗಿರಿಗೆ ಬಂದ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ ಬಂಗಲೆಯು ಸಮೀಪದ ಕನ್ನೇರಿಮುಕ್ಕಿನಲ್ಲಿದೆ.

ಈ ಬೆಟ್ಟಗಳಲ್ಲಿ ಒಂದು ಕಾಲಕ್ಕೆ ಅಂಗಡಿಗಳೇ ಇರಲಿಲ್ಲ. ಹಾಗೆಂದು ಕೊಡುಕೊಳ್ಳುವಿಕೆ ಇರಲಿಲ್ಲವೆಂದಲ್ಲ. ಬಡಗರು ಸಾಮೆ, ರಾಗಿ ಮುಂತಾದ ಧಾನ್ಯಗಳನ್ನು ಬೆಳೆಯುತ್ತಿದ್ದರು. ತೊದವರು ಎಮ್ಮೆಗಳನ್ನು ಸಾಕಿ ಹಾಲು ತುಪ್ಪಗಳನ್ನು ಒದಗಿಸುತ್ತಿದ್ದರು. ಕೋತರು ಕಬ್ಬಿಣದ ಹತಾರಗಳನ್ನೂ ಮಣ್ಣಿನ ಗಡಿಗೆಗಳನ್ನೂ ಮಾಡಿಕೊಡುತ್ತಿದ್ದರು. ಇತರರ ಶುಭಾಶುಭ ಕಾರ್ಯಗಳಲ್ಲಿ ವಾದ್ಯ ನುಡಿಸುತ್ತಿದ್ದರು. ಕುರುಂಬರು ಕಾಡಿನಿಂದ ಜೇನು ಮೊದಲಾದವುಗಳನ್ನು ತರುತ್ತಿದ್ದರು. ನಾಣ್ಯದ ಹಂಗಿಲ್ಲದೆ ಮನೆಮನೆಗಳ ನಡುವೆ ತಲೆಮಾರುಗಳಿಂದ ನಡೆದುಬಂದ ಈ ವಿನಿಮಯವು ಪೇಟೆಯೂ ಹಣವೂ ಬೆಳೆದಂತೆ ಕುಗ್ಗಿ, 1930ರ ದಶಕದ ಸುಮಾರಿಗೆ ಬಹುಮಟ್ಟಿಗೆ ನಿಂತುಹೋಯಿತು. ಕೋತಗಿರಿ ಎಂಬ ಹೆಸರಾದರೂ ಕೋತರ ಕೇರಿ ಎಂಬುದರಿಂದ ಬಂದುದೆಂದು ಹೇಳುತ್ತಾರೆ.

ಇಂದು ಅಂಗಡಿಯ ಹಲಗೆಗಳನ್ನು ಗಮನಿಸಿದರೆ ಅದೇ ಜನರ ದುಡಿಮೆಯು ಬೇರೆ ರೂಪದಲ್ಲಿ ಕಾಣುತ್ತದೆ. ಮೊದಲನೆಯದು ಚಹಾ. ಧಾನ್ಯ ಬೆಳೆಯುತ್ತಿದ್ದ ಬಡಗರ ಹೊಲಗಳಲ್ಲಿ ಈಗ ಹೆಚ್ಚಾಗಿ ಚಹಾ ಗಿಡಗಳಿವೆ. ಎಲೆಯಾಗಿಯೇ ಸುರುಳಿಗೊಂಡ ಚಹಾದ ಬಣ್ಣ ತಿಳಿ, ಪರಿಮಳ ಹೆಚ್ಚು. ಯಂತ್ರದಲ್ಲಿ ಹರಿದು ಕಾಳಾಗಿಸಿದ ಚಹಾ ಕಡುಬಣ್ಣದ್ದು, ಹಾಲಿಗೆ ಒಗ್ಗುವಂಥದು. ಸಣ್ಣ ಬೆಳೆಗಾರನು ಕಿತ್ತ ಹಸಿರೆಲೆಯನ್ನು ಇಟ್ಟುಕೊಂಡಿರಲಾರನು. ತಡಮಾಡದೆ ಕಾರ್ಖಾನೆಗೆ ಕೊಡಬೇಕು, ಅಲ್ಲಿ ಸಿಕ್ಕ ಬೆಲೆಗೆ ಒಪ್ಪಬೇಕು. 1990ರ ದಶಕದ ಕೊನೆಯಲ್ಲಿ ಆ ಬೆಲೆ ಕುಸಿದಾಗ ಸಾವಿರಾರು ಕುಟುಂಬಗಳು ಕಷ್ಟಕ್ಕೊಳಗಾದುವು. ಬೆಳೆಗಾರರ ಸಹಕಾರಿ ಕಾರ್ಖಾನೆಗಳ ಚಹಾವನ್ನು ಕೇಳಿ ಕೊಂಡರೆ ನಮ್ಮ ಹಣ ಅವರ ಸಂಘಕ್ಕೇ ಸೇರುತ್ತದೆ.

ಎರಡನೆಯದು ಜೇನು. ಕಡಿದಾದ ಬಂಡೆಗಳಲ್ಲಿ ಕಟ್ಟಿದ ಹೆಜ್ಜೇನಿನ ಹುಟ್ಟುಗಳಿಗೆ ಕುರುಂಬರು ಬಳ್ಳಿಯ ಏಣಿಗಳಲ್ಲಿ ಇಳಿದು ಪ್ರಾಣವನ್ನು ಪಣವಾಗಿಟ್ಟು ಜೇನನ್ನು ಇಳಿಸುತ್ತಾರೆ. ನೇರಳೆ ಹೂವಿನ ಕಾಲದ ಜೇನು ತುಸು ಕಹಿ. ಅದನ್ನು ಕಲಬೆರಕೆಯೆಂದು ಭಾವಿಸಬಾರದು. 1993ರಲ್ಲಿ ಆರಂಭವಾದ ಕೀಸ್ಟೋನ್ ಫೌಂಡೇಷನ್ ಎಂಬ ಸಂಸ್ಥೆಯು ಕೋತಗಿರಿಯಲ್ಲಿ ನೆಲೆನಿಂತು, ಇಂತಹ ಕಾಡುತ್ಪನ್ನಗಳಿಗೆ ನ್ಯಾಯವಾದ ಬೆಲೆ ದೊರಕುವಂತೆ ಶ್ರಮಿಸಿದೆ.

ಮೂರನೆಯದು ತೊದ ಸ್ತ್ರೀಯರ ಕಸೂತಿ. ಬಿಳಿಯ ಬಟ್ಟೆಯ ಮೇಲೆ ಕೆಂಪು ಕಪ್ಪು ನೂಲಿನ ಈ ಕೆಲಸಕ್ಕೆ ಮೊದಲೇ ಬರೆದ ಚಿತ್ರವಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹೊಲಿಯುತ್ತಾರೆ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಆದರೂ ಅಚ್ಚು ಹಾಕಿದ ಅನುಕರಣೆಗಳು ಅಗ್ಗವಾಗಿ ದೊರೆಯುತ್ತವೆ. ಬಟ್ಟೆಯನ್ನು ಮಗುಚಿ ನೋಡಿರಿ: ಸೂಜಿಯ ಕೆಲಸ ಹಿಂಬದಿಯಲ್ಲಿಯೂ ಕಾಣುತ್ತದೆ, ಅಚ್ಚಿನದು ಕಾಣುವುದಿಲ್ಲ. ವಾರಗಟ್ಟಲೆ ಹೊಲಿದವಳ ಕೂಲಿಯನ್ನು ಅಗ್ಗದ ಅನುಕರಣೆ ಕಸಿದುಕೊಳ್ಳುತ್ತದೆ.

ನಡೆದು ದಣಿದವರಿಗೆ ಚಹಾದಂಗಡಿಗಳೂ ಬೇಕರಿಗಳೂ ಇದ್ದೇ ಇವೆ. ಬೇಕರಿಗಳಲ್ಲಿ ಪದರಪದರವಾದ, ಗರಿಗರಿಯಾದ ವರ್ಕಿ ಸಿಗುತ್ತದೆ. ಬಿಸಿ ಚಹಾದಲ್ಲಿ ಅದ್ದಿ ತಿನ್ನುವುದು ಇಲ್ಲಿಯ ರೂಢಿ. ಅಲ್ಲಿ ಅವಸರಪಡದೆ ಕುಳಿತು ಪಕ್ಕದವರ ಮಾತಿಗೆ ಕಿವಿಗೊಡಬೇಕು. ಹಟ್ಟಿಯಿಂದ ಬಂದ ಬಡಗ ಹಿರಿಯರ ನುಡಿಯಲ್ಲಿ ಕನ್ನಡ ಬಲ್ಲವರಿಗೆ ಪರಿಚಿತ ಪದಗಳು ಎಷ್ಟೋ ಕೇಳಿಬರುತ್ತವೆ. ಬಡಗ ಎಂದರೆ ಬಡಗಣ ದಿಕ್ಕಿನವನು. ಅವರ ಪೂರ್ವಿಕರು ಮೈಸೂರು ಸೀಮೆಯಿಂದ ಬಂದವರೆಂಬುದು ಅವರಲ್ಲಿ ನಡೆದುಬಂದ ನಂಬಿಕೆ. ಗಡಿಯಾಚೆಗೆ ಬಾಳುವ ನಮಗೆ ಈ ನಂಟು ಹಿತವೆನಿಸದಿರದು.

ವಿದ್ಯಾರ್ಥಿಗಳೇ, ಪ್ರವಾಸಕ್ಕೆ ಹೋದಾಗ ಕೈಚೀಲವನ್ನೂ ನೀರಿನ ಪಾತ್ರೆಯನ್ನೂ ಜೊತೆಗೊಯ್ಯಿರಿ. ಒಮ್ಮೆ ಬಳಸಿ ಬಿಸುಡುವ ಪ್ಲಾಸ್ಟಿಕ್ಕಿಗೆ ನೀಲಗಿರಿ ಜಿಲ್ಲೆಯಲ್ಲಿ ನಿಷೇಧವಿದೆ. ಪಾಲಕರಲ್ಲಿ ನಮ್ಮದೊಂದು ವಿನಂತಿ: ಮಕ್ಕಳ ಕೈಯಲ್ಲಿ ಸ್ವಲ್ಪ ಹಣವನ್ನಿತ್ತು, ಒಂದಾದರೂ ವಸ್ತುವನ್ನು ಅವರೇ ವಿಚಾರಿಸಿ ಕೊಳ್ಳುವಂತೆ ಮಾಡಿರಿ. ಇದನ್ನು ಯಾರು ಬೆಳೆದರು, ಯಾರು ಮಾಡಿದರು ಎಂದು ಅಂಗಡಿಯವರನ್ನು ವಿನಯದಿಂದ ಕೇಳಲಿ. ಹಿಂದೆ ಈ ಬೆಟ್ಟದಲ್ಲಿ ಕೊಡುವವರೂ ಕೊಳ್ಳುವವರೂ ಪರಸ್ಪರ ಮುಖ ಬಲ್ಲವರಾಗಿದ್ದರು. ಆ ಪರಿಚಯದ ಸ್ವಲ್ಪ ಭಾಗವನ್ನಾದರೂ ಉಳಿಸಿಕೊಳ್ಳುವುದು ಇಂತಹ ಒಂದು ಪ್ರಶ್ನೆಯಿಂದ ಸಾಧ್ಯವಾಗುತ್ತದೆ.