ಬಾಂಡ್ ಕಾರು ಓಡಿಸಿದ್ದು ಯಾರು?

ಬಿಳಿ ಲೋಟಸ್ ಎಸ್ಪ್ರಿ ಕಾರು ಸಮುದ್ರದ ಅಲೆ ಸೀಳಿಕೊಂಡು ಮರಳ ದಂಡೆಗೆ ಏರುತ್ತದೆ. ಬಿಸಿಲು ಕಾಯುತ್ತಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಒಬ್ಬನಂತೂ ಕೈಯಲ್ಲಿರುವ ಬಾಟಲಿಯ ಮೇಲೇ ಅನುಮಾನಪಡುತ್ತಾನೆ. ಸ್ಟೇರಿಂಗ್ ಹಿಂದೆ ಕೂತ ರೋಜರ್ ಮೂರ್ ಕಿಟಕಿಯಿಂದ ಪುಟ್ಟ ಮೀನೊಂದನ್ನು ಮೆಲ್ಲಗೆ ಹೊರಗೆ ಬಿಡುತ್ತಾರೆ. ಬಟ್ಟೆ ಒದ್ದೆಯಾಗಿಲ್ಲ, ತಲೆಗೂದಲು ಕೆದರಿಲ್ಲ.

1977ರ ‘ದಿ ಸ್ಪೈ ಹೂ ಲವ್ಡ್ ಮಿ’ ಚಿತ್ರದ ಈ ದೃಶ್ಯ ನೋಡಿದ ಹುಡುಗರು ಮನೆಗೆ ಹೋಗಿ ಸ್ನಾನದ ಬಕೆಟ್ಟಿನಲ್ಲಿ ಆಟಿಕೆ ಕಾರು ಮುಳುಗಿಸಿ ನೋಡಿರಬೇಕು. ನಿಜ ಸಂಗತಿಯೆಂದರೆ, ದಡದ ದೃಶ್ಯಗಳನ್ನು ತೆಗೆದದ್ದು ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ, ನೀರೊಳಗಿನವನ್ನು ಅಟ್ಲಾಂಟಿಕ್‌ನ ಆಚೆ ಬದಿಯ ಬಹಾಮಾಸ್‌ನಲ್ಲಿ. ನೀರೊಳಗೆ ಸಾಗುವ ಲೋಟಸ್ಸನ್ನು ಸಿದ್ಧಪಡಿಸಿದ್ದು ಫ್ಲಾರಿಡಾದ ಪೆರ್ರಿ ಓಶನೋಗ್ರಾಫಿಕ್ಸ್ ಎಂಬ ಕಂಪನಿ. ಕಾರಿನ ಖಾಲಿ ಕವಚಕ್ಕೆ ವಿದ್ಯುತ್ ಮೋಟಾರು, ಹಿಂದೆ ತಿರುಗುವ ಪಂಖಗಳು, ಪಕ್ಕಕ್ಕೆ ರೆಕ್ಕೆ. ಚಿತ್ರದಲ್ಲಿ ಒಂದು ಹನಿ ನೀರೂ ಒಳಗೆ ಬರುವುದಿಲ್ಲ. ನಿಜವಾದ ಬಂಡಿ ಮಾತ್ರ ನೀರು ತುಂಬಿಕೊಂಡೇ ಓಡುತ್ತಿತ್ತು. ಒಳಗೆ ಕೂತವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಡಾನ್ ಗ್ರಿಫಿನ್ ಎಂಬ ಡೈವರ್. ರೋಜರ್ ಮೂರ್ ಆ ಹೊತ್ತಿನಲ್ಲಿ ಎಲ್ಲೋ ಒಣ ನೆಲದ ಮೇಲೆ ಆರಾಮಾಗಿದ್ದರು.

ಆ ಬಂಡಿಯ ಮುಂದಿನ ಕಥೆ ಇನ್ನೊಂದು ಸಿನಿಮಾ. ಚಿತ್ರೀಕರಣ ಮುಗಿದ ಮೇಲೆ ಅದನ್ನು ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಒಂದು ಬಾಡಿಗೆ ಗೋದಾಮಿನಲ್ಲಿಟ್ಟು ಬೀಗ ಹಾಕಲಾಯಿತು. ಹತ್ತು ವರ್ಷದ ಬಾಡಿಗೆ ಮುಂಗಡವಾಗಿಯೇ ಕಟ್ಟಿತ್ತು. ಅವಧಿ ಮುಗಿದ ಮೇಲೆ ಕೇಳುವವರು ಬರಲಿಲ್ಲ. 1989ರಲ್ಲಿ ಒಳಗೇನಿದೆ ಎಂದು ನೋಡುವ ಗೊಡವೆಯಿಲ್ಲದೆ ಹರಾಜು ಕೂಗಿದರು. ಸುಮಾರು ನೂರು ಡಾಲರಿಗೆ ಕೊಂಡವರಿಗೆ ಸಿಕ್ಕಿದ್ದು ಕಂಬಳಿ ಹೊದ್ದ ಚಕ್ರವಿಲ್ಲದ ಕಾರು. 2013ರಲ್ಲಿ ಅದು ಲಂಡನ್ನಿನ ಹರಾಜಿಗೆ ಬಂದಾಗ 6.16 ಲಕ್ಷ ಪೌಂಡಿಗೆ ಹೋಯಿತು. ಕೊಂಡವರು ಟೆಸ್ಲಾದ ಇಲಾನ್ ಮಸ್ಕ್. ಗುಂಡಿ ಒತ್ತಿದರೆ ಕಾರು ಜಲಾಂತರ್ಗಾಮಿಯಾಗುವುದಿಲ್ಲ ಎಂದು ಗೊತ್ತಾಗಿ ಅವರಿಗೂ ನಿರಾಸೆಯಾಯಿತಂತೆ.

ಲೋಟಸ್ ಎಷ್ಟೇ ಮೆರೆದರೂ ಬಾಂಡ್ ಕಾರು ಎಂದ ಕೂಡಲೇ ನೆನಪಾಗುವುದು ಬೆಳ್ಳಿ ಬಣ್ಣದ ಆಸ್ಟನ್ ಮಾರ್ಟಿನ್ ಡಿಬಿ5. ಇಯಾನ್ ಫ್ಲೆಮಿಂಗ್ ಕಾದಂಬರಿಗಳ ಬಾಂಡ್ ಮೊದಲಿಗೆ ಹಳೆಯ ಬೆಂಟ್ಲಿಯ ಮೋಹಿ. 1959ರ ‘ಗೋಲ್ಡ್‌ಫಿಂಗರ್’ ಕಾದಂಬರಿಯಲ್ಲಿ ಆಸ್ಟನ್ ಮಾರ್ಟಿನ್ ಬಂದರೂ ಅದು ಡಿಬಿ ಮಾರ್ಕ್ 3. ಐದು ವರ್ಷದ ನಂತರ ಕಥೆ ತೆರೆಗೆ ಬರುವಾಗ ವಿನ್ಯಾಸಕಾರ ಕೆನ್ ಆ್ಯಡಮ್ ಆಗಿನ ಹೊಸ ಮಾದರಿಯನ್ನು ಆರಿಸಿಕೊಂಡರು. ಸ್ಪೆಷಲ್ ಎಫೆಕ್ಟ್ಸ್ ನೋಡಿಕೊಂಡ ಜಾನ್ ಸ್ಟಿಯರ್ಸ್ ಅದರ ಹೊಟ್ಟೆಯೊಳಗೆ ಸಾಮಾನು ತುಂಬಿದರು: ಇಂಡಿಕೇಟರ್ ದೀಪದ ಹಿಂದೆ ಮೆಷಿನ್‌ಗನ್, ಬೆನ್ನಟ್ಟುವವರ ದಾರಿಗೆ ಎಣ್ಣೆ, ಮರೆಯಾಗಲು ಹೊಗೆ, ಗುಂಡು ತಡೆಯಲು ಡಿಕ್ಕಿಯಿಂದ ಏಳುವ ಉಕ್ಕಿನ ಗೋಡೆ. ತಿರುಗುವ ನಂಬರ್ ಪ್ಲೇಟಿನ ಕಲ್ಪನೆ ಹೊಳೆದದ್ದು ನಿರ್ದೇಶಕ ಗೈ ಹ್ಯಾಮಿಲ್ಟನ್‌ಗೆ. ಲಂಡನ್ನಿನ ಬೀದಿಗಳಲ್ಲಿ ಕಂಡಕಂಡಲ್ಲಿ ಪಾರ್ಕಿಂಗ್ ದಂಡ ಕಟ್ಟಿ ಬೇಸತ್ತಿದ್ದ ಮನುಷ್ಯ! ಬೆಂಗಳೂರಿನಲ್ಲಿ ಟೋಯಿಂಗ್ ಗಾಡಿಯ ಹಿಂದೆ ಓಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಗೇರಿನ ತಲೆಯಲ್ಲೊಂದು ಕೆಂಪು ಗುಂಡಿ. ಅದನ್ನು ಒತ್ತಿದರೆ ಪಕ್ಕದ ಸೀಟಿನಲ್ಲಿ ಕೂತವನು ಚಾವಣಿಯಿಂದ ಆಕಾಶಕ್ಕೆ.

ಆಸ್ಟನ್ ಮಾರ್ಟಿನ್ ಆಗ ಪುಟ್ಟ ಕಂಪನಿ, ಕಾರು ಕೊಡುವುದಕ್ಕೆ ಮೊದಲಿಗೆ ಹಿಂದೆಮುಂದೆ ನೋಡಿತ್ತು. 1965ರಲ್ಲಿ ಕಾರ್ಗಿ ಟಾಯ್ಸ್ ಈ ಕಾರಿನ ಪುಟ್ಟ ಮಾದರಿ ತಂದಾಗ ಅದಕ್ಕೆ ಬೆಳ್ಳಿಯ ಬದಲು ಚಿನ್ನದ ಬಣ್ಣ ಬಳಿಯಿತು. ಬೆಳ್ಳಿ ಬಣ್ಣ ಹಚ್ಚಿದರೆ ಬಣ್ಣ ಕಾಣದ ಬರೀ ಲೋಹದಂತಿರುತ್ತದೆ ಎಂಬ ಅಂಜಿಕೆ. ಲಕ್ಷಗಟ್ಟಲೆ ಮಾರಾಟವಾದ ಆ ಆಟಿಕೆಯಿಂದ ಹಾರಿಬಿದ್ದ ಬೆರಳುಗಾತ್ರದ ಖಳ ಎಷ್ಟು ಮನೆಗಳ ಸೋಫಾದ ಕೆಳಗೆ ಕಳೆದುಹೋಗಿದ್ದಾನೋ. ಅಸಲಿ ಕಾರಿನ ಹಣೆಬರಹವೂ ಅಂಥದೇ. ಸಲಕರಣೆಗಳನ್ನು ಅಳವಡಿಸಿದ್ದ ಮೂಲ ಡಿಬಿ5 1997ರಲ್ಲಿ ಫ್ಲಾರಿಡಾದ ಬೋಕಾ ರಟಾನ್‌ನಲ್ಲಿ, ವಿಮಾನ ನಿಲ್ಲಿಸುವ ಹ್ಯಾಂಗರಿನಿಂದಲೇ ಕಳುವಾಯಿತು. ಅದೇ ಚಿತ್ರದಲ್ಲಿ ರಸ್ತೆ ದೃಶ್ಯಗಳಿಗೆ ಬಳಸಿದ ಇನ್ನೊಂದು ಡಿಬಿ5 2010ರ ಹರಾಜಿನಲ್ಲಿ 26 ಲಕ್ಷ ಪೌಂಡ್ ತಂದಿತು.

ಈ ಗಾಳಿ ಕನ್ನಡಕ್ಕೂ ಬೀಸಿತ್ತು. 1968ರ ‘ಜೇಡರ ಬಲೆ’ಯಲ್ಲಿ ದೊರೈ–ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿ ನಿಲ್ಲಿಸಿದಾಗ, ಆ ಮೂರಂಕಿ ಯಾವ ಮೂರಂಕಿಯ ನೆಂಟ ಎಂದು ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1967ರ ‘ಯೂ ಓನ್ಲಿ ಲಿವ್ ಟ್ವೈಸ್’ನಲ್ಲಿ ಬಾಂಡ್ ಕಾರೇ ಓಡಿಸುವುದಿಲ್ಲ. ಜಪಾನಿನ ಟೊಯೊಟಾ 2000 ಜಿಟಿ ಬಲು ಚೆಂದದ ಕಾರು, ಆದರೆ ಆರಡಿ ಎರಡಂಗುಲದ ಶಾನ್ ಕಾನರಿಗೆ ಅದರ ಸೂರು ತೀರಾ ತಗ್ಗು. ಕಂಪನಿ ಸೂರನ್ನೇ ಕತ್ತರಿಸಿ ಈ ಚಿತ್ರಕ್ಕೆಂದೇ ಎರಡು ಕಾರು ಮಾಡಿಕೊಟ್ಟಿತು. ಸ್ಟೇರಿಂಗ್ ಹಿಡಿದದ್ದು ನಾಯಕಿ, ಕಾನರಿ ಪಕ್ಕದಲ್ಲಿ ಕೂತರು. ನಾಲ್ಕು ವರ್ಷದ ಬಳಿಕ ‘ಡೈಮಂಡ್ಸ್ ಆರ್ ಫಾರೆವರ್’ನಲ್ಲಿ ಲಾಸ್ ವೇಗಾಸಿನ ಓಣಿಯೊಂದಕ್ಕೆ ಕೆಂಪು ಮಸ್ಟಾಂಗ್ ಬಲಗಡೆಯ ಎರಡು ಚಕ್ರದ ಮೇಲೆ ನುಗ್ಗಿ, ಎಡಗಡೆಯ ಎರಡು ಚಕ್ರದ ಮೇಲೆ ಹೊರಬರುತ್ತದೆ. ತಪ್ಪು ಗೊತ್ತಾದದ್ದು ಚಿತ್ರೀಕರಣದ ಆಮೇಲೆ. ಓಣಿಯೊಳಗೇ ಕಾರು ಇತ್ತಿಂದತ್ತ ವಾಲಿದಂತೆ ಒಂದು ತುಣುಕು ಸೇರಿಸಿ ತೇಪೆ ಹಾಕಿದರು. ತೇಪೆಯಿಂದ ತಪ್ಪು ಇನ್ನಷ್ಟು ಎದ್ದು ಕಾಣುತ್ತದೆ.

ಎಲ್ಲ ಬಾಂಡ್ ಸಾಹಸಗಳಲ್ಲಿ ಒಂದನ್ನೇ ಆರಿಸು ಎಂದರೆ ‘ದಿ ಮ್ಯಾನ್ ವಿತ್ ದ ಗೋಲ್ಡನ್ ಗನ್’ನ ಜಿಗಿತವನ್ನೇ ಆರಿಸಬೇಕು. 1974ರ ಈ ಚಿತ್ರದಲ್ಲಿ ಥಾಯ್ಲೆಂಡಿನ ಮುರಿದ ಸೇತುವೆಯಿಂದ ಎಎಂಸಿ ಹಾರ್ನೆಟ್ ಕಾರು ಹಾರಿ, ಗಾಳಿಯಲ್ಲಿ ತನ್ನ ಸುತ್ತ ತಾನೇ ಒಂದು ಪೂರ್ತಿ ಸುತ್ತು ಉರುಳಿ, ಆಚೆ ದಡದಲ್ಲಿ ನಾಲ್ಕೂ ಚಕ್ರದ ಮೇಲೆ ನಿಲ್ಲುತ್ತದೆ. ಇದು ಗುಂಡಿಗೆಯ ಜೊತೆಗೆ ಗಣಿತವೂ ಬೇಡಿದ ಕೆಲಸ. ಅಮೆರಿಕದ ಕಾರ್ನೆಲ್ ಏರೋನಾಟಿಕಲ್ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ವೇಗ, ತೂಕ, ಇಳಿಜಾರಿನ ಓರೆ ಎಲ್ಲವನ್ನೂ ಲೆಕ್ಕ ಹಾಕಿದ್ದರು. ತೂಕ ಒಂದು ಪಕ್ಕಕ್ಕೆ ವಾಲಬಾರದೆಂದು ಸ್ಟೇರಿಂಗನ್ನೇ ಕಾರಿನ ನಟ್ಟನಡುವೆ ತಂದರು. ಬಂಪ್ಸ್ ವಿಲರ್ಟ್ ಎಂಬ ಸ್ಟಂಟ್ ಚಾಲಕ ಅಲ್ಲಿ ಕೂತು ಒಂದೇ ಟೇಕಿನಲ್ಲಿ ಮುಗಿಸಿದರು. ಇಷ್ಟು ಚೊಕ್ಕ ಕೆಲಸದ ಮೇಲೆ ಸರ್ಕಸ್ಸಿನ ವಿದೂಷಕನಿಗೆ ಹಾಕುವಂಥ ಸೀಟಿಯ ಸದ್ದು ಹಾಕಿ ಕೆಡಿಸಿದರು. ಸಂಗೀತ ನಿರ್ದೇಶಕ ಜಾನ್ ಬ್ಯಾರಿ ಅದಕ್ಕೆ ಆಮೇಲೆ ಹಳಹಳಿಸಿದರು.

1981ರ ‘ಫಾರ್ ಯುವರ್ ಐಸ್ ಓನ್ಲಿ’ ಲೋಟಸ್ಸಿನ ಹಮ್ಮನ್ನು ತಾನೇ ಮುರಿಯಿತು. ಖಳನ ಕಡೆಯವನು ಕಿಟಕಿ ಒಡೆದ ಕ್ಷಣಕ್ಕೆ ಆ ಕಾರು ಸ್ಫೋಟಿಸಿ ಚೂರಾಗುತ್ತದೆ. ಬಾಂಡ್‌ಗೆ ದಕ್ಕುವುದು ರೈತಾಪಿ ಜನರ ಹಳದಿ ಸಿಟ್ರೊಯೆನ್ 2ಸಿವಿ, ಓಟ ಆಲಿವ್ ತೋಪಿನ ಇಳಿಜಾರಿನಲ್ಲಿ. ಫ್ರಾನ್ಸಿನ ಸ್ಟಂಟ್ ಗುರು ರೆಮಿ ಜೂಲಿಯೆನ್ ಅದರ ಬಡಕಲು ಎರಡು ಸಿಲಿಂಡರ್ ಎಂಜಿನ್ ಕಿತ್ತು ನಾಲ್ಕು ಸಿಲಿಂಡರಿನದು ಕೂರಿಸಿದ್ದರು.

ಎರಡು ವರ್ಷಕ್ಕೆ ಬಂದ ‘ಆಕ್ಟೋಪಸಿ’ಯಲ್ಲಿ ಬಾಂಡ್ ಇನ್ನೂ ಕೆಳಗಿಳಿದು, ಭಾರತೀಯರ ದೃಷ್ಟಿಯಲ್ಲಿ ಇನ್ನೂ ಮೇಲೇರಿ, ಆಟೊ ಹತ್ತಿದ. ಊರು ಉದಯಪುರ. ಮೂರು ಚಕ್ರದ ಬಂಡಿ ಮುಂಗಾಲೆತ್ತಿದ ಕುದುರೆಯಂತೆ ನಿಲ್ಲುತ್ತದೆ, ಸಂದಿಗೊಂದಿಗೆ ನುಗ್ಗುತ್ತದೆ, ಒಂಟೆಯ ಮೇಲಿಂದ ಹಾರುತ್ತದೆ. ಆಟೊ ಚಾಲಕನ ಪಾತ್ರದಲ್ಲಿ ಟೆನಿಸ್ ಆಟಗಾರ ವಿಜಯ್ ಅಮೃತರಾಜ್. ಖಳರನ್ನು ಅವರು ರ‍್ಯಾಕೆಟ್ಟಿನಿಂದ ಬಾರಿಸುವಾಗ ಸುತ್ತ ನಿಂತವರು ಚೆಂಡಿನ ಹಿಂದೆ ಕತ್ತು ಹೊರಳಿಸುವಂತೆ ಆಚೀಚೆ ನೋಡುತ್ತಾರೆ. ಹಾವಾಡಿಗ, ಮೊಳೆಯ ಹಾಸಿಗೆ, ಕೆಂಡ ಎಲ್ಲವನ್ನೂ ಒಂದೇ ಬೀದಿಯಲ್ಲಿ ಗುಡ್ಡೆ ಹಾಕಿದ ಈ ಭಾರತ ಅಂದೂ ನಗೆಪಾಟಲು, ಇಂದೂ ನಗೆಪಾಟಲು. ಆಟೊ ಮಾತ್ರ ಇಷ್ಟವಾಗುತ್ತದೆ.

ಬಿಎಂಡಬ್ಲ್ಯು ಕಾಲ ಬಂದಾಗ ಕಾರಿಗಿಂತ ಜಾಹೀರಾತಿನ ಸದ್ದೇ ಜೋರಾಯಿತು. 1995ರ ‘ಗೋಲ್ಡನ್‌ಐ’ನಲ್ಲಿ ಜೆಡ್3 ಬಂದುಹೋದದ್ದು ಕೆಲವೇ ನಿಮಿಷ. ಆದರೆ 1997ರ ‘ಟುಮಾರೋ ನೆವರ್ ಡೈಸ್’ಗೆ ಮಾಫಿ ಉಂಟು. ಪಿಯರ್ಸ್ ಬ್ರಾಸ್ನನ್ ಹಿಂದಿನ ಸೀಟಿನಲ್ಲಿ ಮುದುರಿಕೊಂಡು ಮೊಬೈಲ್ ಫೋನಿನಲ್ಲಿ ಬಿಎಂಡಬ್ಲ್ಯು 750 ಕಾರು ಓಡಿಸುತ್ತಾರೆ. ಕಥೆಯಲ್ಲಿ ಅದು ಹ್ಯಾಂಬರ್ಗ್, ನಿಜದಲ್ಲಿ ಲಂಡನ್ನಿನ ಬ್ರೆಂಟ್ ಕ್ರಾಸ್ ಮಾಲಿನ ಕಾರ್ ಪಾರ್ಕಿಂಗ್. ಓಡಿಸಿದ್ದು ಕ್ಯಾಮೆರಾ ಕಣ್ಣಿಗೆ ಬೀಳದಂತೆ ಕಾರಿನ ಹಿಂಭಾಗದಲ್ಲಿ ಅಡಗಿ, ಪುಟ್ಟ ಪರದೆಯಲ್ಲಿ ದಾರಿ ನೋಡುತ್ತಿದ್ದ ಸ್ಟಂಟ್ ಚಾಲಕ.

2002ರ ‘ಡೈ ಅನದರ್ ಡೇ’ಯ ಆಸ್ಟನ್ ಮಾರ್ಟಿನ್ ವ್ಯಾಂಕ್ವಿಶ್ ಗುಂಡಿ ಒತ್ತಿದರೆ ಮಾಯ. ಮಾಯವಾದ ಕಾರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಐಸ್‌ಲ್ಯಾಂಡಿನಲ್ಲಿ ಉಪ್ಪುನೀರು ನುಗ್ಗದಂತೆ ಸರೋವರದ ಬಾಯಿ ಕಟ್ಟಿ, ನೀರು ಹೆಪ್ಪುಗಟ್ಟುವುದನ್ನು ಕಾದು, ನಾಲ್ಕೂ ಚಕ್ರಕ್ಕೆ ಎಳೆತ ಬರುವಂತೆ ಕಾರು ಬದಲಿಸಿ, ಆ ಮಂಜಿನ ಮೇಲೆ ಓಡಿಸಿದವರ ಶ್ರಮವೂ ಕಂಪ್ಯೂಟರಿನ ಮಾಯೆಯ ಲೆಕ್ಕಕ್ಕೇ ಜಮೆಯಾಯಿತು.

ಡೇನಿಯಲ್ ಕ್ರೇಗ್ ಕಾಲಕ್ಕೆ ಪೆಟ್ಟುಗಳು ಮತ್ತೆ ನಿಜವಾದವು. ‘ಕ್ಯಾಸಿನೊ ರಾಯಲ್’ಗಾಗಿ ಡಿಬಿಎಸ್ ಕಾರನ್ನು ಉರುಳಿಸಲು ಹೊರಟರೆ ಅದು ನೆಲಕ್ಕಂಟಿಕೊಂಡು ಜಪ್ಪಯ್ಯ ಎಂದರೂ ಉರುಳಲಿಲ್ಲ. ಕಡೆಗೆ ಒಳಗೊಂದು ಗಾಳಿಯ ಫಿರಂಗಿ ಇಟ್ಟು ನೆಲಕ್ಕೆ ಹೊಡೆಸಿದರು. ಸ್ಟಂಟ್ ಚಾಲಕ ಆ್ಯಡಮ್ ಕರ್ಲಿ ಒಳಗಿದ್ದ ಕಾರು ಏಳು ಪಲ್ಟಿ ಹೊಡೆದು ಗಿನ್ನೆಸ್ ದಾಖಲೆ ಸೇರಿತು. ‘ಸ್ಕೈಫಾಲ್’ನಲ್ಲಿ ಡಿಬಿ5 ಉರಿದು ಬೂದಿಯಾದಾಗ ಹೊಟ್ಟೆಯುರಿಸಿಕೊಂಡವರು ಸಮಾಧಾನಪಡಬಹುದು: ಉರಿದದ್ದು ಮೂರನೆಯ ಒಂದು ಪಾಲಿನ ಅಳತೆಗೆ 3ಡಿ ಮುದ್ರಣದಲ್ಲಿ ಮಾಡಿದ ಮಾದರಿ. ‘ನೋ ಟೈಮ್ ಟು ಡೈ’ಗಾಗಿ ಇಟಲಿಯ ಮಟೇರಾದ ಕಲ್ಲುಹಾಸಿನ ಬೀದಿಗಳಲ್ಲಿ ಗಿರಗಿರನೆ ತಿರುಗಿದ್ದೂ ಕಾರ್ಬನ್ ಫೈಬರ್ ಮೈಯ ನಕಲುಗಳೇ. ಕೆಲವು ದೃಶ್ಯಗಳಲ್ಲಿ ಕ್ರೇಗ್ ಒಳಗೆ ಹಲ್ಲು ಕಚ್ಚಿ ಸ್ಟೇರಿಂಗ್ ತಿರುಗಿಸುತ್ತಿದ್ದರೆ, ನೆತ್ತಿಯ ಮೇಲೆ ಕಟ್ಟಿದ ಗೂಡಿನಲ್ಲಿ ಕೂತ ಇನ್ನೊಬ್ಬರು ನಿಜವಾಗಿ ಓಡಿಸುತ್ತಿದ್ದರು.

2020ರಲ್ಲಿ ಆಸ್ಟನ್ ಮಾರ್ಟಿನ್ ‘ಗೋಲ್ಡ್‌ಫಿಂಗರ್’ ಕಾರಿನ 25 ಹೊಸ ಪ್ರತಿಗಳನ್ನು ಮಾರಾಟಕ್ಕಾಗಿ ಕಟ್ಟಲು ತೊಡಗಿತು. ಬೆಲೆ ತೆರಿಗೆ ಬಿಟ್ಟು ತಲಾ 27.5 ಲಕ್ಷ ಪೌಂಡ್. ನಂಬರ್ ಪ್ಲೇಟು ತಿರುಗುತ್ತದೆ, ಹೊಗೆ ಬರುತ್ತದೆ, ಹಿಂದಿನ ಗುರಾಣಿ ಏಳುತ್ತದೆ, ಗೇರಿನ ತಲೆಯಲ್ಲಿ ಕೆಂಪು ಗುಂಡಿಯೂ ಉಂಟು. ಒತ್ತಿದರೆ ಪಕ್ಕದಲ್ಲಿ ಕೂತವರು ಕೂತಲ್ಲೇ ಇರುತ್ತಾರೆ. ಸಾರ್ವಜನಿಕ ರಸ್ತೆಗೆ ಇಳಿಸಲು ಈ ಕಾರಿಗೆ ಪರವಾನಗಿಯೂ ಇಲ್ಲ.