ಮೊಡವೆಯ ಗುಳಿಗೆಯೂ ಕರುಳಿನ ರೋಗವೂ



ಮೊಡವೆಯೆಂದರೆ ಪ್ರಾಯದ ಗುರುತು, ತಾನಾಗಿ ಬಂದದ್ದು ತಾನಾಗಿಯೇ ಹೋಗುತ್ತದೆ ಎಂದು ಹಿರಿಯರು ಹೇಳುವುದುಂಟು. ಬಹುಮಂದಿಯ ಪಾಲಿಗೆ ಅದು ನಿಜ. ಆದರೆ ಕೆಲವರಿಗೆ ಅದು ಗಂಟುಗಂಟಾಗಿ ಎದ್ದು, ಕೀವು ತುಂಬಿ, ಮಾಗಿದ ಮೇಲೂ ಕೆನ್ನೆಯಲ್ಲಿ ಗುಳಿಗಳನ್ನು ಉಳಿಸುತ್ತದೆ. ಅಂಥ ಹುಡುಗ ಹುಡುಗಿಯರು ಮದುವೆಮನೆಗೆ ಬರಲೂ ನಾಚಿ ಮೂಲೆ ಸೇರುತ್ತಾರೆ. ಅವರು ಔಷಧಿ ಕೇಳಿದರೆ ಶೋಕಿಯೆಂದು ಹಳಿಯಬೇಡಿ.

ಈ ಬಗೆಯ ಹಟಮಾರಿ ಮೊಡವೆಗೆ ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯಿದೆ. ಇದು ಎ ಜೀವಸತ್ವದ ಕುಲಕ್ಕೆ ಸೇರಿದ್ದು. ಚರ್ಮದೊಳಗೆ ಜಿಡ್ಡು ಒಸರುವ ಗ್ರಂಥಿಗಳನ್ನು ಕುಗ್ಗಿಸುತ್ತದೆ. ಅಮೆರಿಕದಲ್ಲಿ 1982ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಈಗ ನಮ್ಮ ದೇಶದಲ್ಲಿಯೂ ಹಲವು ಹೆಸರುಗಳಲ್ಲಿ ಸಿಗುತ್ತದೆ. ಇದನ್ನು ನುಂಗಿದರೆ ಕರುಳು ಹುಣ್ಣಾಗಿ ರಕ್ತಭೇದಿ ಹತ್ತುತ್ತದೆ ಎಂಬ ಮಾತು ಈಗ ಫೋನಿನಿಂದ ಫೋನಿಗೆ ಹರಿದು ಹಳ್ಳಿಗಳಿಗೂ ಬಂದಿದೆ. ಇದರಲ್ಲಿ ನಿಜವೆಷ್ಟು?

ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ. ಗುಳಿಗೆ ತಿಂದ ಕೆಲವರಿಗೆ ಕರುಳಿನ ದೀರ್ಘ ಉರಿಯೂತ ಬಂತು. ಅಲ್ಸರೇಟಿವ್ ಕೊಲೈಟಿಸ್, ಕ್ರಾನ್ಸ್ ಕಾಯಿಲೆ ಎಂಬಿವು ಆ ರೋಗಗಳ ಹೆಸರು. ಅಮೆರಿಕದಲ್ಲಿ ಸಾವಿರಾರು ಮಂದಿ ಮೊಕದ್ದಮೆ ಹೂಡಿದರು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಕೊಲೈಟಿಸ್ ಸಂಭವ ನಾಲ್ಕು ಪಟ್ಟಿಗೂ ಮೇಲೆಂದು ಹೇಳಿತು. ಆದರೆ ಕ್ರಾನ್ಸ್ ಕಾಯಿಲೆಗೆ ನಂಟು ಕಾಣಲಿಲ್ಲ. ಅದಕ್ಕೆ ಹಿಂದಿನ ವರ್ಷ ಕೆನಡಾದ ಮ್ಯಾನಿಟೋಬ ಪ್ರಾಂತದ ಲೆಕ್ಕ ತೆಗೆದವರು, ಕರುಳುರೋಗಿಗಳು ಈ ಗುಳಿಗೆಯನ್ನು ಮಿಕ್ಕವರಿಗಿಂತ ಹೆಚ್ಚಾಗಿ ತಿಂದವರಲ್ಲವೆಂದು ಕಂಡಿದ್ದರು. ಮುಂದೆ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗಲೂ ನಂಟು ಸ್ಥಿರಪಡಲಿಲ್ಲ. 2018ರಲ್ಲಿ ನ್ಯೂಜೆರ್ಸಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಫಿರ್ಯಾದಿಗಳ ತಜ್ಞರ ವಾದ ಶಾಸ್ತ್ರಸಮ್ಮತವಲ್ಲವೆಂದು ತಳ್ಳಿಹಾಕಿ, ಎರಡು ಸಾವಿರಕ್ಕೂ ಹೆಚ್ಚು ಮೊಕದ್ದಮೆಗಳ ವಜಾವನ್ನು ಎತ್ತಿಹಿಡಿಯಿತು.

ಹಾಗಾದರೆ ರೋಗ ಬಂದವರು ಸುಳ್ಳು ಹೇಳಿದರೇ? ಇಲ್ಲ. ಅಯ್ಯನಕೆರೆ ಕೋಡಿ ಬಿದ್ದ ವಾರವೇ ಮನೆಮನೆಯಲ್ಲೂ ನೆಗಡಿ ಹತ್ತಿತೆಂದುಕೊಳ್ಳಿ. ಕೋಡಿಯಿಂದ ನೆಗಡಿ ಬಂತೆನ್ನುವಿರಾ? ಎರಡಕ್ಕೂ ಮಳೆಗಾಲವೇ ಹೊತ್ತು. ಹಾಗೆಯೇ ಕೆಟ್ಟ ಮೊಡವೆ ಕಾಡುವುದೂ, ಈ ಕರುಳುರೋಗ ಅನೇಕರಲ್ಲಿ ಮೊದಲು ತಲೆಯೆತ್ತುವುದೂ ಹದಿಹರೆಯದಿಂದ ಮೂವತ್ತರೊಳಗೆ. ಇನ್ನೊಂದು ತೊಡಕೂ ಇದೆ. ಈ ಗುಳಿಗೆಗೆ ಬರುವ ಮುನ್ನ ಅನೇಕರು ತಿಂಗಳುಗಟ್ಟಲೆ ಡಾಕ್ಸಿಸೈಕ್ಲಿನ್‌ನಂಥ ಪ್ರತಿಜೈವಿಕ ಔಷಧಿ ತಿಂದಿರುತ್ತಾರೆ; ಅದೇ ಕರುಳಿನ ಸಮತೋಲ ಕೆಡಿಸಿತೋ ಎಂಬ ಗುಮಾನಿಯೂ ಪಂಡಿತರಲ್ಲಿದೆ.

ನಂಟು ಸ್ಥಿರಪಡಲಿಲ್ಲ ಎಂದಮಾತ್ರಕ್ಕೆ ನಿರ್ಲಕ್ಷ್ಯ ಸಲ್ಲದು. ಗುಳಿಗೆ ತಿನ್ನುವಾಗ ತೀವ್ರ ಹೊಟ್ಟೆನೋವು, ನಿಲ್ಲದ ಭೇದಿ ಅಥವಾ ಮಲದಲ್ಲಿ ರಕ್ತ ಕಂಡರೆ ಗುಳಿಗೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗತಕ್ಕದ್ದು. ನಮ್ಮ ಕಡೆ ರಕ್ತ ಕಂಡರೆ ಉಷ್ಣವೆಂದು ಮಜ್ಜಿಗೆ ಕುಡಿಸಿ, ಮೂಲವ್ಯಾಧಿಯೆಂದು ನಾಟಿ ಮದ್ದು ಕೊಟ್ಟು, ಆರು ತಿಂಗಳು ಕಳೆಯುವ ವಾಡಿಕೆಯಿದೆ. ಗುಳಿಗೆಗಿಂತ ನನಗೆ ಭಯವಿರುವುದು ಈ ವಾಡಿಕೆಯ ಮೇಲೆ. ಅದು ಮೂಲವ್ಯಾಧಿಯೇ ಇರಬಹುದು, ಆಮಶಂಕೆಯೂ ಇರಬಹುದು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಉಂಟು; ಅದು ಕ್ರಾನ್ಸ್ ಕಾಯಿಲೆಯನ್ನು ಎಷ್ಟು ಹೋಲುತ್ತದೆಂದರೆ ತಜ್ಞರೇ ತಡವರಿಸುತ್ತಾರೆ. ಒಂದರ ಔಷಧಿ ಇನ್ನೊಂದಕ್ಕೆ ಕೊಟ್ಟರೆ ಕೇಡಾಗುವುದು. ಆದ್ದರಿಂದ ಮಲಪರೀಕ್ಷೆ ಮಾಡಿಸಬೇಕು, ಬೇಕಾದರೆ ದುರ್ಬೀನಿನಿಂದ ಕರುಳನ್ನು ನೋಡಿಸಬೇಕು.

ಅನುಮಾನಕ್ಕೆ ಎಡೆಯೇ ಇಲ್ಲದ ಕೇಡು ಬೇರೊಂದಿದೆ. ಅದರ ಗುಲ್ಲು ಮಾತ್ರ ಕಡಿಮೆ. ಬಸುರಿ ಈ ಗುಳಿಗೆ ತಿಂದರೆ ಮಗುವಿನ ಮೆದುಳು, ಹೃದಯ, ಮುಖ ಊನವಾಗುವ ಅಪಾಯ ಬಹಳ. ಗುಳಿಗೆ ನಡೆಯುವಾಗಲೂ, ಬಿಟ್ಟ ಮೇಲೆ ಒಂದು ತಿಂಗಳೂ ಗರ್ಭ ನಿಲ್ಲಕೂಡದು. ಆ ಅವಧಿಯಲ್ಲಿ ಗಂಡಸರೂ ರಕ್ತದಾನ ಮಾಡಬಾರದು. ಆ ರಕ್ತ ಬಸುರಿಗೆ ಸೇರೀತು. ಮದುವೆ ಗೊತ್ತಾದ ಹುಡುಗಿಗೆ ಮುಖ ತಿಳಿಯಾಗಲೆಂದು ಅಕ್ಕನ ಚೀಟಿಯ ಗುಳಿಗೆ ಕೊಡುವ ತಾಯಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ತುಟಿ ಒಡೆಯುವುದು, ಕಣ್ಣು ಒಣಗುವುದು ಸಾಮಾನ್ಯ. ಪಿತ್ತಜನಕಾಂಗವನ್ನೂ ರಕ್ತದ ಕೊಬ್ಬನ್ನೂ ಪರೀಕ್ಷಿಸುತ್ತಿರಬೇಕು. ಜೊತೆಗೆ ಎ ಜೀವಸತ್ವದ ಮಾತ್ರೆಯಾಗಲಿ ಡಾಕ್ಸಿಸೈಕ್ಲಿನ್ ಆಗಲಿ ನುಂಗಕೂಡದು. ಇಷ್ಟೆಲ್ಲವನ್ನು ಔಷಧಿ ಅಂಗಡಿಯ ಗಲ್ಲೆಯ ಮುಂದೆ ನಿಂತು ತೂಗಿ ನೋಡಲಾಗದು. ಚರ್ಮರೋಗ ವೈದ್ಯರನ್ನೇ ಕಾಣಬೇಕು. ಮನೆಯಲ್ಲಿ ಯಾರಿಗಾದರೂ ಹಿಂದೆ ಕರುಳುರೋಗ ಇದ್ದರೆ ಅವರಿಗೆ ಮೊದಲೇ ತಿಳಿಸಿ.

ಹೊಟ್ಟೆಯ ತೊಂದರೆಗೆಂದು ಕಡೂರಿಗೋ ಚಿಕ್ಕಮಗಳೂರಿಗೋ ಆಸ್ಪತ್ರೆಗೆ ಹೊರಟಾಗ ಗುಳಿಗೆಯ ಖಾಲಿ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಎಂದಿನಿಂದ ತಿಂದಿರಿ, ರಕ್ತ ಎಂದು ಕಂಡಿತು ಎಂಬ ಎರಡು ತಾರೀಖುಗಳನ್ನು ಅದರ ಬೆನ್ನಿಗೆ ಬರೆದಿಟ್ಟುಕೊಂಡರೆ ವೈದ್ಯರ ಅರ್ಧ ಕೆಲಸ ಹಗುರಾಗುವುದು.